ಮ್ಯಾನೇಜರಿಗೆ ‘ಆಗಲ್ಲ’ ಅಂದೆ

ಗೆಳೆಯರೇ, ಇವತ್ತು ನಾನು ಮ್ಯಾನೇಜರಿಗೆ ‘ಆಗಲ್ಲ’ ಅಂದುಬಿಟ್ಟೆ. ಕೆಲಸ ಹೋಗಿಲ್ಲ.

ನಮ್ಮ ತಿರುಪ್ಪೂರಿನ ಬನಿಯನ್ ಕಂಪನಿಯವರು ಸಿಬ್ಬಂದಿಯ ಒತ್ತಡ ಇಳಿಸಲೆಂದು ಮೈಸೂರಿನ ಒಬ್ಬ ಕೋಚ್ ಮೇಡಂ ಅವರನ್ನು ಕರೆಸಿದ್ದಾರೆ. ನನ್ನ ದಿನಚರಿಯನ್ನೆಲ್ಲ ಕೇಳಿದ ಅವರು ಹೇಳಿದ್ದು ಇಷ್ಟೇ: “ಇದರಲ್ಲಿ ಅರ್ಧ ನಿಮ್ಮ ಕೆಲಸವೇ ಅಲ್ಲ. ಒಂದಕ್ಕಾದರೂ ಆಗಲ್ಲ ಅನ್ನಿ.”

ಮಧ್ಯಾಹ್ನ ಮ್ಯಾನೇಜರ್ ಎಂದಿನಂತೆ ತಮ್ಮ ವರದಿಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಅವರದು ಉಡುಮಲೈಪೇಟೆಯ ಹಳೆಯ ಕನ್ನಡ ಮನೆ. ತಮ್ಮ ಕೆಲಸ ದಾಟಿಸುವಾಗ ಮಾತ್ರ ನನ್ನೊಡನೆ ತಮಿಳು ಬೆರೆತ ಕನ್ನಡ ಆಡುತ್ತಾರೆ.

“ಕೊಂಚ ಇದನ್ನ ಮುಗಿಸಿಬಿಡು ಮಾ.”

ನಾನು ವರದಿಯನ್ನು ಅವರತ್ತಲೇ ಸರಿಸಿದೆ. “ಆಗಲ್ಲ ಸರ್. ಇದು ನಿಮ್ಮ ವರದಿ.”

ಅವರು ನನ್ನನ್ನೇ ನೋಡಿದರು. “ಯಾರು ಮಾ ಇದೆಲ್ಲ ಹೇಳಿಕೊಟ್ಟಿದ್ದು?”

“ಕೋಚ್ ಮೇಡಂ.”

ವರದಿ ಎತ್ತಿಕೊಂಡು ಸೀದಾ ಮೇಡಂ ಕೋಣೆಗೆ ನಡೆದರು. ನನ್ನಿಂದ ಮೇಡಂ ಕೆಲಸಕ್ಕೂ ಕಲ್ಲು ಬಿತ್ತಲ್ಲ ಎಂದು ಹೆದರಿ ನಾನೂ ಹಿಂದೆ ಹೋಗಿ ಬಾಗಿಲ ಬಳಿ ನಿಂತೆ. ಒಳಗಿನಿಂದ ಮ್ಯಾನೇಜರ್ ಅವರ ಮೆಲ್ಲನೆಯ ದನಿ ಕೇಳಿಸಿತು:

“ಮೇಡಂ, ನಮ್ಮ ಓನರಿಗೆ ಹಂಗೆ ‘ಆಗಲ್ಲ’ ಅನ್ನೋದು ಎಪ್ಪಡಿ, ಹೆಂಗೆ? ನನಗೂ ಕೊಂಚ ಹೇಳಿಕೊಡಿ.”

ಇನ್ನು ಓನರೂ ಕಲಿತುಬಿಟ್ಟರೆ, ನಮ್ಮ ಬನಿಯನ್ ಕೊಳ್ಳುವ ಜರ್ಮನಿಯ ಗಿರಾಕಿಗೆ ‘ಆಗುತ್ತೆ’ ಅನ್ನಲು ನಮ್ಮ ಕಂಪನಿಯಲ್ಲಿ ಯಾರೂ ಉಳಿಯುವುದಿಲ್ಲ.