ಕಡವೆಗೆ ಯಾವ ಕ್ಯಾಲಿಬರ್?

ನಮ್ಮ ಊಟದ ಮೇಜಿನ ಮೇಲೆ ಮೂರು ಖಾಲಿ ಕಾಡತೂಸುಗಳು ಸಾಲಾಗಿ ನಿಂತಿದ್ದವು. ಒಂದು ಬದಿಗೆ ಉಪ್ಪಿನಕಾಯಿ ಜಾಡಿ, ಇನ್ನೊಂದು ಬದಿಗೆ ನನ್ನ ಬಿ.ಪಿ. ಮಾತ್ರೆ.

‘ಇದ್ರಲ್ಲಿ ಯಾವ್ದು ಸರ್?’ ಎಂದ ಗಿರೀಶ.

(ಮಾಂಸದ ಅಂಗಡಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುವ ಮನುಷ್ಯನನ್ನು ಕೇಳುವ ಪ್ರಶ್ನೆಯೇ ಇದು?)

ಗಿರೀಶ ಇಲ್ಲಿ, ವಿಕ್ಟೋರಿಯ ರಾಜ್ಯದ ಗ್ಲೆನ್ ವೇವರ್ಲಿಯ ನಮ್ಮ ಬೀದಿಯವನೇ. ಹುಟ್ಟಿದ್ದು ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆಯಲ್ಲಿ, ಕಾಡಿನ ಅಂಚಿನಲ್ಲಿ. ಈಗ ಡ್ಯಾಂಡಿನಾಂಗಿನ ಒಂದು ಗೋದಾಮಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ. ಅಲ್ಲಿಯ ಜೊತೆಗಾರರಿಗೆ ಚಳಿಗಾಲ ಬಂತೆಂದರೆ ಜಿಂಕೆ ಬೇಟೆಯ ಮಾತೇ ಮಾತಂತೆ. ಊರಿನಲ್ಲಿ ಜೈಲಿಗೆ ಕಳಿಸುವ ಕೆಲಸಕ್ಕೆ ಇಲ್ಲಿ ಸರ್ಕಾರವೇ ಲೈಸೆನ್ಸ್ ಕೊಡುತ್ತದೆ. ಹೊರಗಿನಿಂದ ತಂದು ಬಿಟ್ಟ ಜಿಂಕೆಗಳು ಮಿತಿಮೀರಿ ಬೆಳೆದಿವೆ ಎಂಬುದು ಅದಕ್ಕೆ ಕಾರಣ. ಗಿರೀಶ ಬಂದೂಕಿನ ತರಬೇತಿ ಮುಗಿಸಿದ್ದ, ಲೈಸೆನ್ಸ್ ಪಡೆದಿದ್ದ, ಗ್ಯಾರೇಜಿನ ಗೋಡೆಗೆ ಉಕ್ಕಿನ ಪೆಟ್ಟಿಗೆಯನ್ನೂ ಬಿಗಿದಿದ್ದ. ಉಳಿದದ್ದು ಕ್ಯಾಲಿಬರ್ ಒಂದೇ.

‘ನೀವು ಎಲ್ಲಾನೂ ಚೆಕ್ ಮಾಡ್ತೀರಲ್ಲ ಸರ್. ಇದನ್ನೂ ಒಂದ್ಸಲ ಮಾಡ್ಬಿಡಿ.’

ನೌಕರಿಯುದ್ದಕ್ಕೂ ನಾನು ಮಾಡಿದ್ದು ಒಂದೇ ಕೆಲಸ. ಶಾಸನದಲ್ಲಿ ಕೆತ್ತಿದ ತಿಥಿಗೂ ವಾರಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದು. ಆಗದಿದ್ದರೆ ಯಾರೋ ಸುಳ್ಳು ಹೇಳಿದ್ದಾರೆಂದು ಅರ್ಥ, ಅಥವಾ ಕೆತ್ತಿದವನು ತೂಕಡಿಸುತ್ತಿದ್ದ. ನಿವೃತ್ತಿಯಾದರೂ ಚಟ ಬಿಟ್ಟಿಲ್ಲ. ಮೂರೂ ಕಾಡತೂಸುಗಳನ್ನು ನನ್ನ ಓದುವ ಕೋಣೆಗೆ ಒಯ್ದೆ. ‘ದೇವರ ಮನೆ ದಾಟ್ಕೊಂಡು ಹೋಗ್ಬೇಡಿ, ಈ ಕಡೆಯಿಂದ ಹೋಗಿ’ ಎಂದಳು ಹೆಂಡತಿ ಸರಸ.

ಮೂರು ದಿನ ಓದಿದೆ. ಕ್ಯಾಲಿಬರ್ ಎಂದರೆ ನಳಿಕೆಯ ಒಳವ್ಯಾಸ, ಅಂಗುಲದ ಸಾವಿರದ ಭಾಗಗಳಲ್ಲಿ. ಆದರೆ ಹೆಸರನ್ನು ನಂಬುವಂತಿಲ್ಲ. ‘ಟೂ ಸೆವೆಂಟಿ’ ಎಂದು ಕರೆಯುವ ಗುಂಡನ್ನು ಅಳೆದರೆ ಇನ್ನೂರ ಎಪ್ಪತ್ತೇಳು ಬರುತ್ತದೆ. ‘ಥರ್ಟಿ ಆಟ್ ಸಿಕ್ಸ್’ ಎಂಬುದರ ಕೊನೆಯ ಆರು ಅಳತೆಯೇ ಅಲ್ಲ, ಇಸವಿ. ೧೯೦೬. ಕಾಡತೂಸಿನ ಹೆಸರಿನೊಳಗೆ ಒಂದು ಕಾಲನಿರ್ದೇಶ! ನಾನು ಆಗಲೇ ಸಿಕ್ಕಿಬಿದ್ದೆ.

ಸಿಡ್ನಿಯ ಟೂಂಗಾಬಿಯಿಂದ ಸರಸಳ ತಮ್ಮ ನಾಗರಾಜ ಫೋನ್ ಮಾಡಿದ. ಅವನೂ ಲೈಸೆನ್ಸ್ ಉಳ್ಳವನು.

‘ಭಾವ, ಟೂ ಫೋರ್ಟಿ ತ್ರೀ ಸಾಕು ಅನ್ನಿ ಅವನಿಗೆ. ಭುಜಕ್ಕೆ ಒದೆಯಲ್ಲ. ಫ್ಯಾಲೋಗೆ ನಾನು ಅದೇ ಇಟ್ಕೊಂಡಿದೀನಿ.’

‘ಅವನು ಹೋಗುವುದು ಕಡವೆಗೆ. ಇಲ್ಲಿಯ ನಿಯಮ ನೋಡಬೇಕಲ್ಲ.’

‘ನೋಡಿ, ನೋಡಿ. ಸೊಳ್ಳೆ ಓಡ್ಸಕ್ಕೆ ಫ್ಯಾನ್ ಹಾಕೋರು ನೀವು, ಕಡವೆ ಹೊಡೆಯೋರಿಗೆ ಗೈಡು.’

ನೋಡಿದೆ. ವಿಕ್ಟೋರಿಯದಲ್ಲಿ ಫ್ಯಾಲೋದಂಥ ಸಣ್ಣ ಜಿಂಕೆಗೆ ಟೂ ಫೋರ್ಟಿ ತ್ರೀ ನಡೆಯುತ್ತದೆ. ಕಡವೆಗೆ ನಡೆಯದು. ಕನಿಷ್ಠ ಟೂ ಸೆವೆಂಟಿ ಇರಬೇಕು, ಗುಂಡು ನೂರ ಮೂವತ್ತು ಗ್ರೇನ್ ತೂಗಬೇಕು. ಗ್ರಾಮಿನಲ್ಲಿ ಹೇಳುವುದಾದರೆ ಎಂಟೂವರೆಗೆ ತುಸು ಕಡಿಮೆ. ಅದಕ್ಕಿಂತ ಹಗುರಾದರೆ ಪ್ರಾಣಿ ಸಾಯುವುದಿಲ್ಲ, ಗಾಯಗೊಂಡು ಓಡುತ್ತದೆ. ಟೂ ಸೆವೆಂಟಿ ಎಂದು ತೀರ್ಪು ಕೊಟ್ಟೆ. ಟಿಪ್ಪಣಿಯನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿಯೂ ಕೊಟ್ಟೆ.

ಓದುವಾಗ ಇನ್ನೊಂದು ಸಂಗತಿ ಸಿಕ್ಕಿತು. ಇಲ್ಲಿಯ ಕಡವೆಗಳು ನಮ್ಮ ಕಡೆಯವೇ. ಹತ್ತೊಂಬತ್ತನೆಯ ಶತಮಾನದ ಅರವತ್ತರ ದಶಕದಲ್ಲಿ ಸಿಂಹಳ, ಭಾರತಗಳಿಂದ ಹಡಗಿನಲ್ಲಿ ಬಂದವು. (ಒಂದೊಂದು ಪುಸ್ತಕ ಒಂದೊಂದು ಇಸವಿ ಕೊಡುತ್ತದೆ, ಹಾಗಾಗಿ ದಶಕವನ್ನಷ್ಟೇ ಬರೆಯುತ್ತಿದ್ದೇನೆ.) ಅಂದಿನಿಂದ ಅವು ಹುಲಿಯನ್ನೇ ಕಂಡಿಲ್ಲ. ಈ ಖಂಡದಲ್ಲಿ ಹುಲಿಯಿಲ್ಲ.

ಪರ್ಮಿಟ್ ಬಂತು. ರೈಫಲ್ ಬಂತು. ಒಂದು ಶುಕ್ರವಾರ ಸಂಜೆ ಗಿರೀಶ ಹೊರಟ. ಕಾರಿನಲ್ಲಿಯೇ ಮಲಗಿ ಬೆಳಕು ಹರಿಯುವಾಗ ಕಾಡು ಹೊಕ್ಕು, ಶನಿವಾರ ಸಂಜೆಗೆ ಮನೆ ಸೇರುವ ಲೆಕ್ಕ. ನಾವೆಲ್ಲ ಅವನ ಮನೆಯ ಬಾಗಿಲಲ್ಲಿದ್ದೆವು. ಅವನ ಹೆಂಡತಿ ಶ್ರುತಿ, ಏಳು ವರ್ಷದ ಮಗಳು ಅನ್ವಿ, ನಾನು, ಸರಸ.

ನನ್ನ ಬಾಯಲ್ಲಿ ‘ಎಲ್’ ಎಂಬಷ್ಟೇ ಹೊರಟಿತ್ತು. ಸರಸ ನನ್ನ ಮೊಣಕೈ ಚಿವುಟಿದಳು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದಲ್ಲ? ಓದುಗರೇ, ನೀವೂ ಕೇಳುವುದಿಲ್ಲ. ನಿಮ್ಮ ಅಜ್ಜಿ ಕಲಿಸಿದ್ದಾರೆ, ನನ್ನ ಅಜ್ಜಿಯೂ ಕಲಿಸಿದ್ದರು. ಅದರಲ್ಲಿಯೂ ಕೋವಿ ಹಿಡಿದು ಹೊರಟವನನ್ನು?

‘ದೂರ ಹೊರಟ್ಯೇನಪ್ಪ?’ ಎಂದಳು ಸರಸ, ಕ್ರಮ ತಪ್ಪದಂತೆ.

‘ಹೂಂ ಆಂಟಿ, ಸ್ವಲ್ಪ ದೂರ.’

ಕಾರು ತಿರುವಿನಲ್ಲಿ ಮರೆಯಾಯಿತು.

ಶನಿವಾರ ಸಂಜೆ ಅವನು ಬರಲಿಲ್ಲ. ಫೋನ್ ಮಾಡಿದರೆ ಒಬ್ಬ ಹೆಂಗಸಿನ ದನಿ, ಕರೆ ತಲುಪುತ್ತಿಲ್ಲ ಎಂದು ಬಹಳ ಪ್ರೀತಿಯಿಂದ ಹೇಳುತ್ತಿತ್ತು. ಶ್ರುತಿ ಪೊಲೀಸರಿಗೆ ಫೋನ್ ಮಾಡಿದಳು. ಆ ರಾತ್ರಿಯ ಬಗ್ಗೆ ಬರೆಯುವುದಿಲ್ಲ. ಬರೆಯುವಂಥದ್ದೇನೂ ಅದರಲ್ಲಿ ನಡೆಯಲಿಲ್ಲ.

ಭಾನುವಾರ ಬೆಳಿಗ್ಗೆ ಗಿರೀಶನ ಮನೆಗೆ ಒಬ್ಬ ಪೊಲೀಸ್ ಅಧಿಕಾರಿಣಿ ಬಂದು ಕೂತರು. ಹೊರಗೆ ಒಳ್ಳೆಯ ಬಿಸಿಲು. ಎದುರು ಮನೆಯವನು ಯಂತ್ರದಿಂದ ತರಗೆಲೆ ಊದುತ್ತಿದ್ದ. ಅಂಥ ಬೆಳಕಿನಲ್ಲಿ ಒಬ್ಬ ಮನುಷ್ಯ ಇಲ್ಲವಾಗಬಹುದೆಂದು ನಂಬುವುದು ಕಷ್ಟ. ನಂಬದಿರುವುದು ಇನ್ನೂ ಕಷ್ಟವಾಗಿತ್ತು.

ಯಾವ ರೈಫಲ್ ಎಂದು ಕೇಳಿದರು. ನಾನು ಹೇಳಿದೆ. ಕ್ಯಾಲಿಬರ್, ಗುಂಡಿನ ತೂಕ, ನಿಯಮದ ಕನಿಷ್ಠ ಮಿತಿ, ಹೆಸರಿಗೂ ಅಳತೆಗೂ ಇರುವ ವ್ಯತ್ಯಾಸ. ಅವರು ಸ್ವಲ್ಪ ಹೊತ್ತು ಬರೆದುಕೊಂಡು ಆಮೇಲೆ ಪೆನ್ನನ್ನು ಕೆಳಗಿಟ್ಟರು.

‘ಯಾವ ಕಾಡಿಗೆ ಹೋದರು?’

‘ಗಿಪ್ಸ್‌ಲ್ಯಾಂಡ್ ಕಡೆ ಅಂತ ಒಂದ್ಸಲ ಅಂದಿದ್ರು’ ಎಂದಳು ಶ್ರುತಿ.

ಅಧಿಕಾರಿಣಿ ನಕ್ಷೆ ಹರಡಿದರು. ಹಸಿರು, ಹಸಿರು, ಹಸಿರು. ನಡುವೆ ನೂಲಿನಂಥ ತೊರೆಗಳು. ಒಂದು ಜಿಲ್ಲೆಯನ್ನೇ ಅದರಲ್ಲಿ ಬಚ್ಚಿಡಬಹುದಿತ್ತು.

‘ಡ್ಯಾಡ್ ಸೆಡ್ ಇಟ್ಸ್ ಎ ಸೀಕ್ರೆಟ್ ಸ್ಪಾಟ್’ ಎಂದಳು ಅನ್ವಿ. ಬೇಟೆಗಾರರು ತಮ್ಮ ಜಾಗವನ್ನು ಯಾರಿಗೂ ಹೇಳುವುದಿಲ್ಲವಂತೆ. ಅವರ ಪದ್ಧತಿ ಅದು. ನಮ್ಮ ಪದ್ಧತಿ ಕೇಳದಿರುವುದು. ಎರಡೂ ಎಷ್ಟು ಚೆನ್ನಾಗಿ ಕೂಡಿಕೊಂಡಿದ್ದವು ನೋಡಿ.

ಸರಸ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಒಲೆ ಹೊತ್ತಿಸಿದ ಸದ್ದು ಕೇಳಿಸಲಿಲ್ಲ, ಪಾತ್ರೆಯ ಸದ್ದೂ ಇಲ್ಲ.

‘ನಾನು ಬಾಯಿ ಮುಚ್ಚಿಸ್ದೆ’ ಎಂದಳು, ನಾನು ಹೋದಾಗ. ‘ಒಳ್ಳೇದಾಗ್ಲಿ ಅಂತಲೇ ಮುಚ್ಚಿಸ್ದೆ.’

ಚಿವುಟಿದ್ದು ಅವಳು ನಿಜ, ಸುಮ್ಮನಾದದ್ದು ನಾನು. ನಾಗರಾಜ ಟೂಂಗಾಬಿಯಿಂದ ಮತ್ತೆ ಫೋನ್ ಮಾಡಿದ. ‘ಬೀಕನ್ ಒಯ್ದಿದಾನಾ ಭಾವ? ಅಪಾಯ ಆದ್ರೆ ಗುಂಡಿ ಒತ್ತೋದು, ಸ್ಯಾಟಲೈಟಿಗೆ ಹೋಗತ್ತೆ.’ ಶ್ರುತಿಯನ್ನು ಕೇಳಿದೆ. ಮುಂದಿನ ಸಲಕ್ಕೆ ತಗೊಳ್ತೀನಿ ಅಂದಿದ್ದರಂತೆ. ನನ್ನ ಟಿಪ್ಪಣಿಯಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಆ ಅಧಿಕಾರಿಣಿಯ ಫೋನ್ ಬಂತು. ಯಾರೋ ಜಾಗವನ್ನು ನಿಖರವಾಗಿ ತಿಳಿಸಿದ್ದಾರೆ, ತಂಡ ಹೊರಟಿದೆ ಎಂದರು. ನಾಲ್ಕು ಗಂಟೆಗೆ ಗಿರೀಶ ಸಿಕ್ಕಿದ. ತೊರೆಯ ಬದಿಯಲ್ಲಿ ಕೂತಿದ್ದ, ಒಂದು ಕಾಲಿನ ಹರಡು ಹಲಸಿನ ತೊಳೆಯಂತೆ ಊದಿತ್ತು, ಜೀವವಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಈ ವಾರದ ಅಂಕಣ ಒಂದು ಬುದ್ಧಿವಾದವಾಗುತ್ತಿತ್ತು.

ಮಂಗಳವಾರ ನೋಡಲು ಹೋದೆ. ಗಿರೀಶ ಸೋಫಾದ ಮೇಲೆ ಕಾಲು ಚಾಚಿಕೊಂಡಿದ್ದ. ಏನಾಯಿತೆಂದು ಕೇಳಿದೆ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ.

ಬೆಳಕಾಗುವ ಮೊದಲೇ ಒಂದು ಇಳಿಜಾರಿನಲ್ಲಿ ಜರಿಗಿಡಗಳ ನಡುವೆ ಕೂತಿದ್ದನಂತೆ. ಕೆಳಗೆ ಕಣಿವೆ, ಅದರಾಚೆ ಎದುರಿನ ಇಳಿಜಾರು. ಮಂಜು. ಸುಮಾರು ಏಳು ಗಂಟೆಗೆ ಎದುರು ಬದಿಯಲ್ಲಿ ಒಂದು ಹೆಣ್ಣು ಕಡವೆ ಹೊರಬಂತು. ರೈಫಲ್ ಎತ್ತಿದ.

‘ಅದು ಕಾಲು ನೆಲಕ್ಕೆ ಬಡೀತು ಸರ್. ಆಮೇಲೆ ಕೂಗ್ತು. ಢಾಂಕ್ ಅಂತ.’

ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.

‘ನಮ್ಮ ಊರಲ್ಲಿ ಆ ಕೂಗು ಕೇಳಿದ್ರೆ ದನ ಮೇಯ್ಸೋರು ಮರ ಹತ್ತೋರು. ಕಡವೆ ಸುಮ್ನೆ ಕೂಗಲ್ಲ. ಹುಲಿ ಕಣ್ಣಿಗೆ ಬಿದ್ರೇನೇ.’

‘ನಿನ್ನನ್ನು ನೋಡಿ ಕೂಗಿರಬಹುದು.’

‘ಅದು ನನ್ನನ್ನ ನೋಡ್ತಿರ್ಲಿಲ್ಲ ಸರ್.’ ಅವನು ಕಾಲನ್ನು ಸ್ವಲ್ಪ ಸರಿಸಿಕೊಂಡ. ‘ನನ್ನ ತಲೆ ಮೇಲಿಂದ ನೋಡ್ತಿತ್ತು. ನನ್ನ ಹಿಂದೆ ಏನನ್ನೋ. ಕಣ್ಣು ಮಿಟುಕಿಸ್ತಿರ್ಲಿಲ್ಲ. ಮತ್ತೆ ಕೂಗ್ತು. ಹಕ್ಕಿ ಕೂಗು ಎಲ್ಲ ನಿಂತ್ಹೋಯ್ತು.’

‘ಇಲ್ಲಿ ಹುಲಿಯಿಲ್ಲ ಗಿರೀಶ.’

‘ಅದು ತಲೆಗೆ ಗೊತ್ತು ಸರ್. ಬೆನ್ನಿಗೆ ಗೊತ್ತಿಲ್ಲ.’

ತಿರುಗಿ ನೋಡುವ ಧೈರ್ಯವಾಗಲಿಲ್ಲವಂತೆ. ಗುಂಡು ಹಾರದಂತೆ ರೈಫಲಿನ ಸೇಫ್ಟಿ ಹಾಕಿದ, ಎದ್ದು ನಿಂತ, ಕೆಳಕ್ಕೆ ಓಡಿದ. ಒದ್ದೆ ಎಲೆಯ ಮೇಲೆ ಕಾಲು ಜಾರಿತು. ಎದ್ದು ಕುಂಟುತ್ತ ನಡೆದ, ಬಂದ ದಿಕ್ಕು ತಪ್ಪಿತು. ಆಮೇಲೆ ನಡೆಯಲಾಗಲಿಲ್ಲ. ಹಿಂದೆ ಯಾರೋ ಬರುತ್ತಿದ್ದಾರೆ ಎಂದು ಸ್ವಲ್ಪ ಹೊತ್ತು ಅನ್ನಿಸುತ್ತಲೇ ಇತ್ತಂತೆ. ಆಮೇಲೆ ಯಾರಾದರೂ ಬಂದಿದ್ದರೆ ಸಾಕಿತ್ತು ಎನ್ನಿಸಿತಂತೆ.

ಮನೆಗೆ ಬಂದು ಯೋಚಿಸಿದೆ. ಒಂದೂವರೆ ಶತಮಾನದ ಮೇಲಾಯಿತು. ಹುಲಿಯ ವಾಸನೆಯನ್ನೇ ಅರಿಯದ ಎಷ್ಟು ತಲೆಮಾರು ಕಡವೆಗಳು ಇಲ್ಲಿ ಹುಟ್ಟಿ ಸತ್ತಿವೆ? ಆದರೂ ಮರಿ ಹುಟ್ಟುವಾಗಲೇ ಆ ಕೂಗನ್ನು ಗಂಟಲಲ್ಲಿ ಹೊತ್ತು ಬರುತ್ತದೆ. ನಾವು ಬಂದು ಇನ್ನೂ ಒಂದು ತಲೆಮಾರಾಗಿಲ್ಲ. ನಮ್ಮ ಗಂಟಲಲ್ಲಿ ಏನೇನು ಸಿಕ್ಕಿಕೊಂಡಿದೆಯೋ, ಯಾರು ಪರೀಕ್ಷಿಸಿದ್ದಾರೆ? ಹಳೆಯ ಭಯ ಕಡವೆಯನ್ನು ಕಾಯುತ್ತದೆ. ನಮ್ಮದು ಗಿರೀಶನನ್ನು ಕೊಲ್ಲುವುದರಲ್ಲಿತ್ತು.

ಹೀಗೆಂದು ಬರೆದು ಮುಗಿಸಿಯೂ ಬಿಟ್ಟಿದ್ದೆ. ಶನಿವಾರ ಶ್ರುತಿ ಫೋನ್ ಮಾಡಿದಳು. ‘ಅಂಕಲ್, ಜಾಗ ಹೇಳಿದ್ರಲ್ಲ, ಅವರು ಬಂದಿದಾರೆ. ಒಂದ್ ನಿಮಿಷ ಬನ್ನಿ.’

ಹೆಸರು ಕೆವಿನ್. ಅರವತ್ತು ದಾಟಿದ ಮನುಷ್ಯ. ತನ್ನ ಹಿತ್ತಲಿನ ನಿಂಬೆಹಣ್ಣುಗಳನ್ನು ಒಂದು ಚೀಲದ ತುಂಬ ತಂದಿದ್ದ. ಸೋಫಾದ ತುದಿಯಲ್ಲಿ ಕೂತಿದ್ದ, ಟೋಪಿಯನ್ನು ಮೊಣಕಾಲ ಮೇಲಿಟ್ಟು ತಿರುಗಿಸುತ್ತಿದ್ದ. ಶ್ರುತಿ ಅವನಿಗೆ ಎರಡನೆಯ ಸಲ ಕಾಫಿ ಕೊಟ್ಟಳು. ಪ್ರಾಣ ಉಳಿಸಿದವನಿಗೆ ಇನ್ನೇನು ಕೊಡುವುದೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ನನಗೆ ನನ್ನ ಚಟ. ‘ಅವನು ಅಲ್ಲಿದ್ದಾನೆಂದು ನಿಮಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿದೆ.

ಆತ ಕಾಫಿಯನ್ನು ಕೆಳಗಿಟ್ಟ. ಪೊಲೀಸರಿಗೆ ಹೇಳಿದ್ದೇನೆ, ನಿಮಗೂ ಹೇಳಬೇಕೆಂದೇ ಬಂದೆ ಎಂದ. ಶನಿವಾರ ಬೆಳಿಗ್ಗೆ ಆತ ಅದೇ ಇಳಿಜಾರಿನಲ್ಲಿ ಮೇಲುಗಡೆ ಇದ್ದನಂತೆ. ಕೆಳಗೆ ಜರಿಗಿಡಗಳ ನಡುವೆ ಕಂದು ಬಣ್ಣದ್ದೇನೋ ಅಲುಗಿತು. ಕಡವೆಯ ಭುಜವೆಂದು ತಿಳಿದ. ರೈಫಲಿನ ದುರ್ಬೀನಿನಲ್ಲಿ, ಅಂದರೆ ಸ್ಕೋಪಿನಲ್ಲಿ, ಹಿಡಿದ, ಸೇಫ್ಟಿ ತೆಗೆದ. ಅಷ್ಟರಲ್ಲಿ ಕಣಿವೆಯಾಚೆ ಕಡವೆಯೊಂದು ಆತನನ್ನು ನೋಡಿ ಕೂಗಿತು. ಮತ್ತೆ ಕೂಗಿತು. ಸ್ಕೋಪಿನೊಳಗಿನ ಕಂದು ಭುಜ ಎರಡು ಕಾಲಿನ ಮೇಲೆ ಎದ್ದು ನಿಂತಿತು.

ಗಿರೀಶನ ಜಾಕೆಟ್ ಕಂದು. ಬೇಟೆಗಾರರು ಒಬ್ಬರಿಗೊಬ್ಬರು ಕಾಣಲೆಂದು ಹಾಕುವ ಕಿತ್ತಳೆ ಟೋಪಿ ಬ್ಯಾಗಿನೊಳಗಿತ್ತು, ಬೆಳಕು ಚೆನ್ನಾಗಿ ಬಂದ ಮೇಲೆ ಹಾಕೋಣವೆಂದು.

ಕೆವಿನ್ ಆ ಜಾಗಕ್ಕೆ ಇನ್ನೆಂದೂ ಬರಬಾರದೆಂದು ತನ್ನ ಜಿಪಿಎಸ್‌ನಲ್ಲಿ ಗುರುತು ಮಾಡಿಕೊಂಡು ಮನೆಗೆ ಹೋದ. ಮರುದಿನ ಬೇಟೆಗಾರನೊಬ್ಬ ಕಾಣೆಯಾಗಿದ್ದಾನೆಂಬ ಸುದ್ದಿ ಓದಿದ.

ಸಮಯ ಕೇಳಿದೆ. ಏಳಕ್ಕೆ ಒಂದೆರಡು ನಿಮಿಷ ಇತ್ತು ಎಂದ. ಎಷ್ಟು ಸಲ ಕೂಗಿತೆಂದು ಕೇಳಿದೆ. ಎರಡು. ಗಿರೀಶ ತಲೆಯಾಡಿಸಿದ. ಇಬ್ಬರ ಮಾತೂ ಅಕ್ಷರಶಃ ತಾಳೆಯಾಯಿತು. ನನ್ನ ವೃತ್ತಿಯಲ್ಲಿ ಹೀಗೆ ತಾಳೆಯಾದಾಗಲೆಲ್ಲ ಸಂತೋಷವಾಗುತ್ತಿತ್ತು.

‘ಯಾವ ಕ್ಯಾಲಿಬರ್?’ ಎಂದು ಕೇಳಿದವನೂ ನಾನೇ.

‘ಟೂ ಸೆವೆಂಟಿ. ನೂರ ಮೂವತ್ತು ಗ್ರೇನ್.’

ನಿಯಮದ ಪ್ರಕಾರ ಸರಿಯಾಗಿತ್ತು. ಶ್ರುತಿ ಅವನ ಖಾಲಿ ಲೋಟಕ್ಕೆ ಕೈ ಚಾಚಿದವಳು ಅಲ್ಲಿಯೇ ನಿಂತಳು.

ಆ ಶನಿವಾರ ಬೆಳಿಗ್ಗೆ ಗಿರೀಶ ಎಲ್ಲಿದ್ದಾನೆಂದು ಈ ಭೂಮಿಯ ಮೇಲೆ ಖಚಿತವಾಗಿ ಗೊತ್ತಿದ್ದವನು ಒಬ್ಬನೇ, ಅವನ ಬೆರಳು ಟ್ರಿಗರಿನ ಮೇಲಿತ್ತು.