ತಂಗಿಯ ಮನೆಯ ಸಿಹಿನೀರು

ಮಾಗಡಿಯಲ್ಲಿ ಬೆಳಗಿನ ಎಂಟರ ಬಸ್ಸು ಹತ್ತಿದಾಗ ನಾನು ಖುಷಿಯಾಗಿದ್ದೆ. ಅದು ಒಳ್ಳೆಯ ಖುಷಿಯಲ್ಲವೆಂದು ಆಗಲೇ ಗೊತ್ತಿತ್ತು. ನನ್ನ ಬ್ಯಾಗಿನಲ್ಲಿ ಒಂದು ಚೀಟಿಯಿತ್ತು: ರಾಮನಗರದ ತಂಗಿ ಜಯಳ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಮಿತಿ ಮೀರಿದೆ, ಕುಡಿಯಲು ಯೋಗ್ಯವಲ್ಲ.

ರಾಮನಗರ ಜಿಲ್ಲೆಯಾದ ಮರುವರ್ಷದ ಮಾತು. ಜಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿ ಬೋರ್ ಕೊರೆಸಿದಳು, ಮೊದಲ ಸಲಕ್ಕೇ ನೀರು ಬಿತ್ತು. ನಾವು ಎರಡು ಸಲ ಕೊರೆಸಿದರೂ ಬಂದದ್ದು ಬರೀ ಕಲ್ಲುಪುಡಿ. ಹಬ್ಬಕ್ಕೆಂದು ಅವಳ ಮನೆಗೆ ಹೋದ ಅವ್ವ ಅಲ್ಲೇ ಉಳಿದಳು. "ನಿಮ್ಮೂರ ನೀರು ಗಂಟ್ಲಿಗಿಳಿಯಕಿಲ್ಲ ಕಣವ್ವ. ಇಲ್ಲಿದು ಎಳನೀರಿದ್ದಂಗೈತೆ," ಅಂದಳು. ಅಷ್ಟು ವರ್ಷ ಅವಳ ಮಂಡಿಗೆ ಎಣ್ಣೆ ತಿಕ್ಕಿದವಳು ನಾನು.

ಆ ಉರಿಗೇ ಒಂದು ಬಾಟಲಿ ನೀರು ಗುಟ್ಟಾಗಿ ತಂದು, ನಾನು ಅಟೆಂಡರ್ ಆಗಿದ್ದ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರಿಗೆ ಕೊಟ್ಟಿದ್ದೆ. "ಪಾಯಿಖಾನೆ ಗುಂಡಿಗಳದ್ದೆಲ್ಲ ಇಳಿದಿದೆ. ರುಚೀಲಿ ಗೊತ್ತಾಗಲ್ಲ, ಕಾಯಿಸಿದರೂ ಹೋಗಲ್ಲ. ಎಳೇ ಮಕ್ಕಳಿಗೆ ಅಪಾಯ," ಎಂದಿದ್ದರು. ನನ್ನ ಮನಸ್ಸು ಮೊದಲ ಮಾತಿನಲ್ಲೇ ನಿಂತುಬಿಟ್ಟಿತ್ತು.

ಟಿಕೆಟ್ಟಿಗೆ ಹದಿನೆಂಟು ರೂಪಾಯಿ. ಎಡಕ್ಕೆ ಸಾವನದುರ್ಗದ ಬಂಡೆ ಮಂಜಿನಿಂದ ಅರ್ಧ ಹೊರಬಂದಿತ್ತು. ರಾಮನಗರ ಹತ್ತಿರವಾದಂತೆ ಹೊಲಗಳಲ್ಲಿ ಹೊಸ ಶೆಡ್ಡುಗಳು, ಸೈಟಿನ ಕಲ್ಲುಗಳು. ಇಳಿದ ಕೂಡಲೇ ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿಯಿತು.

ಜಯಳ ಗೇಟಿನ ಮುಂದೆ ಹೆಂಗಸರು ಬಿಂದಿಗೆ ಹಿಡಿದು ನಿಂತಿದ್ದರು. "ನಿಮ್ ತಂಗಿ ಪುಣ್ಯಾತ್ಗಿತ್ತಿ ಕಣಕ್ಕ. ಇವ್ರಿಂದ ನಮ್ಮನೆ ಕಾಫಿ ಕಾಫಿಯಂಗೈತೆ," ಎಂದಳೊಬ್ಬಳು. ತಡೆಯಲಾಗಲಿಲ್ಲ. ಎಲ್ಲರೆದುರೂ ಚೀಟಿ ತೆಗೆದು ಗಟ್ಟಿಯಾಗಿ ಓದಿದೆ.

ಜಯ ಸಿಟ್ಟಾಗಲಿಲ್ಲ. ಮುಖ ಬಿಳಿಚಿಕೊಂಡಿತು. "ಅಕ್ಕ, ಪಾಪೂಗೆ ಇದೇ ನೀರ್ನಾಗೆ ಹಾಲಿನ ಪುಡಿ ಕಲಸ್ತಿವ್ನಿ. ಕಾಯ್ಸೇ ಕೊಡ್ತಿವ್ನಿ. ಏನೂ ಆಗಕಿಲ್ವಲ್ಲ?"

ಒಳಗೆ ಓಡಿದೆ. ಅವ್ವನ ಮಡಿಲಲ್ಲಿ ಜಯಳ ಎರಡು ತಿಂಗಳ ಕೂಸು. ತುಟಿ ನೇರಳೆ ಹಣ್ಣು ತಿಂದಂತಿತ್ತು, ಉಗುರೂ ಹಾಗೇ.

"ಚಳಿಗೆ ಕಣವ್ವ. ನಾಕ್ ದಿನದಿಂದ ಹಿಂಗೇ ಐತೆ," ಎಂದಳು ಅವ್ವ.

ಚೀಟಿ ಕೈಗೆ ಬಂದು ಆರು ದಿನವಾಗಿತ್ತು. ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ, ಅವರೆದುರೇ ಓದಬೇಕೆಂದು ಕಾದಿದ್ದೆ.

ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಡಾಕ್ಟರು ಚೀಟಿ ನೋಡಿದವರೇ ಮಗುವನ್ನು ಒಳಗೊಯ್ದು ಆಕ್ಸಿಜನ್ ಇಟ್ಟರು, ಇಂಜೆಕ್ಷನ್ ಕೊಟ್ಟರು. ಸಂಜೆಗೆ ತುಟಿ ಕೆಂಪಾಯಿತು. "ಒಳ್ಳೇ ಹೊತ್ತಿಗೆ ತಂದ್ರಿ," ಎಂದರು. ಜಯ ನನ್ನ ಕೈ ಹಿಡಿದು ಅತ್ತಳು. ಆರು ದಿನದ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

ಮಗು ಮನೆಗೆ ಬಂದ ಮೇಲೆ ಅವ್ವನನ್ನು ಕರೆದೆ. "ಇನ್ನೇನು, ಆ ನೀರೂ ಕುಡಿಯಂಗಿಲ್ವಲ್ಲ, ಬಾರವ್ವ."

"ಈಗ್ಲೇ ಇವ್ಳಿಗೆ ನಾನ್ ಬೇಕಿರಾದು. ಹೆಂಗ್ ಬುಟ್ಟು ಬರ್ಲಿ?" ಎಂದಳು.

ಒಬ್ಬಳೇ ಹೊರಟೆ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಟ್ಯಾಂಕರ್ ಬಂದಿತ್ತು, ಜಯ ಬಿಂದಿಗೆ ಹಿಡಿದು ಸಾಲಿನ ಕೊನೆಯಲ್ಲಿದ್ದಳು. ಆ ಹೆಂಗಸರೇ ಅವಳ ರಟ್ಟೆ ಹಿಡಿದು ಎಲ್ಲರಿಗಿಂತ ಮುಂದಕ್ಕೆ ನಿಲ್ಲಿಸಿದರು. ಮಾಗಡಿಯಲ್ಲಿ ನನಗೆ ಯಾರೂ ಹಾಗೆ ದಾರಿ ಬಿಟ್ಟಿಲ್ಲ. ಅಷ್ಟೆಲ್ಲ ಆದ ಮೇಲೂ, ಅದನ್ನು ಕಂಡು ನನ್ನ ಹೊಟ್ಟೆ ಉರಿಯಿತು.