ಎಡಗೈ ಗಂಟು

ನಮ್ಮ ಮನಿತನದಾಗ ಡಿಗ್ರಿ ಅಂಬೋದು ಆಗದ ಮಾತು ಎಂದವರು ನಮ್ಮ ಸೋದರಮಾವ. "ನೀ ಏನ್ ಸಾಹೇಬ ಆಗಾಂವೇನಲೇ?" ಎಂದು ನಗುತ್ತಿದ್ದರು. ಸತ್ತವರು ತಿರುಗಿ ಬರುವುದು ಆಗದ ಮಾತು ಎನ್ನುತ್ತಿದ್ದವನು ನಾನು. ಮಾವನ ಮಾತು ಸುಳ್ಳಾಯಿತು. ನಮ್ಮ ಮನೆಯ ಮೊದಲ ಪದವೀಧರ ನಾನು, ಹೇಳಿಕೊಳ್ಳಲು ಸಂಕೋಚವಿಲ್ಲ. ನನ್ನ ಮಾತು ಏನಾಯಿತೋ, ಇವತ್ತಿಗೂ ಗೊತ್ತಿಲ್ಲ.

ಶಹಾಪುರ ದಾಟಿ ಸುರಪುರದ ದಾರಿಯಲ್ಲಿರುವ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿ ಅವ್ವ ನನ್ನನ್ನು ಓದಿಸಿದಳು. ವೈನಿಗೆ ಹೋಗುವ ಕಪ್ಪು ದ್ರಾಕ್ಷಿ ಅದು. ಜೋತುಬಿದ್ದ ಕುಡಿಗಳನ್ನು ಸುತಳಿಯಿಂದ ತಂತಿಗೆ ಕಟ್ಟುವುದು ಅವಳ ಕೆಲಸ. ಅವ್ವ ಎಡಚಿ, ಅವಳ ಗಂಟು ಉಲ್ಟಾ ಬೀಳುತ್ತಿತ್ತು. ಗಂಟು ನೋಡಿಯೇ ಅವಳು ಕಟ್ಟಿದ ಸಾಲು ಯಾವುದೆಂದು ಹೇಳುತ್ತಿದ್ದೆ.

ಮಗ ಪಾಸಾದರೆ ತಿಂಥಣಿಯ ಗುಡಿಗೆ ಬರಿಗಾಲಲ್ಲಿ ನಡೆದು, ಸರ್ಟಿಫಿಕೇಟನ್ನು ದೇವರ ಮುಂದೆ ಇಡುತ್ತೇನೆಂದು ಹರಕೆ ಹೊತ್ತಿದ್ದಳು. ಫಲಿತಾಂಶಕ್ಕೆ ಮೊದಲೇ ತೀರಿಕೊಂಡಳು. ಹೊತ್ತವರು ಹೋದರೆ ಹರಕೆ ಮಕ್ಕಳ ಕಾಲಿಗೆ ಬೀಳುತ್ತದೆ. ದೇವರ ಮೇಲೆ ಸಿಟ್ಟಿತ್ತು. ಆದರೂ ಅಮಾವಾಸ್ಯೆಯ ನಸುಕಿನಲ್ಲಿ ಶಹಾಪುರದಿಂದ ಹೊರಟೆ.

ಮಧ್ಯಾಹ್ನಕ್ಕೆ ಅಂಗಾಲಲ್ಲಿ ಗುಳ್ಳೆ ಎದ್ದಿದ್ದವು. ಅದೇ ತೋಟದ ಚಪ್ಪರದಡಿ ಬಿದ್ದುಕೊಂಡೆ. ಒಂದು ಕುಡಿ ಮುಖಕ್ಕೆ ತಾಗುತ್ತಿತ್ತು. ಸರಿಸಿದೆ, ಮತ್ತೆ ಬಂತು. ಹಾಗೇ ನಿದ್ದೆ ಹತ್ತಿತು. ಎಚ್ಚರಾದಾಗ ಆ ಕುಡಿಯನ್ನು ಯಾರೋ ತಂತಿಗೆ ಕಟ್ಟಿದ್ದರು. ಅದೊಂದೇ ಅಲ್ಲ, ಇಡೀ ಸಾಲು. ಹೊಸ ಸುತಳಿ. ಗಂಟು ಉಲ್ಟಾ.

"ಅವ್ವಾ" ಎಂದು ಸಾಲಿನ ತುದಿಯವರೆಗೆ ಓಡಿದೆ. ಅಲ್ಲಿ ಕಾವಲಿನ ಮುದುಕ ಒಬ್ಬನೇ ಇದ್ದ. ಯಾರು ಕಟ್ಟಿದರೆಂದು ಕೇಳಿದೆ.

"ಅಮಾಸಿ ದಿನ ಕೂಲಿಗಿ ಯಾರ್ ಬರ್ತಾರೋ ಯಪ್ಪಾ? ಬಿಸಲು ನೆತ್ತಿಗೇರ್ಯಾದ ನಿನಗ, ನೀರ್ ಕುಡಿ."

ನೀವು ನಂಬಲೆಂದು ಬರೆಯುತ್ತಿಲ್ಲ. ಬೇರೆ ಯಾರೋ ಎಡಚರು ಮೊದಲೇ ಕಟ್ಟಿರಬಹುದು, ನಾನು ನೋಡಿರಲಿಕ್ಕಿಲ್ಲ. ಆದರೆ ಆ ಕುಡಿ ನನ್ನ ಮುಖಕ್ಕೆ ತಾಗಿದ್ದು ಖರೆ.

ಹೊತ್ತು ಮುಳುಗುವಾಗ ದೇವಾಪುರ ಮುಟ್ಟಿದೆ. ಅವ್ವನ ತಂಗಿ, ನಮ್ಮ ಚಿಗವ್ವ, ಕಾಲಿಗೆ ನೀರು ಕೊಟ್ಟಳು. ಎಲ್ಲ ಹೇಳಿದೆ. ನಾನು ಪಾಸಾದದ್ದು ಅವ್ವಗೆ ಗೊತ್ತಾಗಿದೆ, ಅದಕ್ಕೇ ಬಂದಿದ್ದಳು ಎಂದು ಯಾರಾದರೂ ಅನ್ನಲಿ ಎಂಬುದಷ್ಟೇ ನನ್ನ ಆಸೆ. ಮುಂದೆ ನಡೆಯಲು ಮನಸ್ಸಿಲ್ಲವೆಂದು ಸರ್ಟಿಫಿಕೇಟನ್ನು ಅವಳ ಕೈಗೇ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಇಸಗೊಂಡಳು.

"ನಿನ್ನ ನೋಡಾಕ ಬಂದಿದ್ರ ಎಬ್ಬಸ್ತಿದ್ಲೋ," ಎಂದಳು. "ಸತ್ತ ಮ್ಯಾಲೂ ನಮ್ಮಕ್ಕಗ ಕೂಲಿ ತಪ್ಪಲಿಲ್ಲ ನೋಡು."